‘ಬೆಳಕು ಬೀರುವುದು’ ಎಂಬ ನುಡಿಗಟ್ಟೂ ಮಸ್ಕಿಯ ಶಾಸನವೂ

ಮರೆಯಲ್ಲಿದ್ದ ಸಂಗತಿಯೊಂದನ್ನು ವಿಶದಪಡಿಸುವುದಕ್ಕೆ ಆಂಗ್ಲಭಾಷೆಯಲ್ಲಿ ‘ಅದರ ಮೇಲೆ ಬೆಳಕನ್ನು ಎಸೆಯುವುದು’ ಎಂಬ ನುಡಿಗಟ್ಟುಂಟು. ‘ಥ್ರೋ’, ‘ಷೆಡ್’, ‘ಕಾಸ್ಟ್’ ಎಂಬ ಕ್ರಿಯಾಪದಗಳಲ್ಲಿ ಯಾವುದಾದರೊಂದನ್ನು ‘ಲೈಟ್’ ಶಬ್ದದೊಡನೆ ಸೇರಿಸಿ ಇದನ್ನು ಪ್ರಯೋಗಿಸುವರು. ಕನ್ನಡದ ಪತ್ರಿಕೆಗಳಲ್ಲಿಯೂ ಗ್ರಂಥಗಳಲ್ಲಿಯೂ ಇದೇ ಭಾವವು ‘ಬೆಳಕು ಬೀರು’, ‘ಬೆಳಕು ಚೆಲ್ಲು’ ಎಂಬ ರೂಪಗಳಿಂದ ರೂಢಿಗೆ ಬಂದಿದೆ.

ಇದು ಪರಭಾಷೆಯ ಸೊತ್ತೆಂದು ಆಕ್ಷೇಪಿಸುವವರುಂಟು. ಕ್ರಿಯಾಪದದ ಮಟ್ಟಿಗೆ ಆ ಆಕ್ಷೇಪವು ಸಲ್ಲಬಹುದು. ಭಾವದ ಮಟ್ಟಿಗೆ ಸಲ್ಲದು. ಮಹಾಭಾಷ್ಯಕ್ಕೆ ಕೈಯಟನು ಬರೆದ ವ್ಯಾಖ್ಯಾನದ ಹೆಸರು ‘ಪ್ರದೀಪ’. ಆ ಪ್ರದೀಪಕ್ಕೆ ನಾಗೇಶಭಟ್ಟನು ಬರೆದ ವಿವರಣೆ ‘ಉದ್ದ್ಯೋತ’. ಕನ್ನಡನಾಡಿನಲ್ಲಿಯೇ ಜಯತೀರ್ಥರ ‘ತತ್ತ್ವಪ್ರಕಾಶಿಕೆ’ಗೆ ವ್ಯಾಸತೀರ್ಥರು ‘ತಾತ್ಪರ್ಯಚಂದ್ರಿಕೆ’ಯನ್ನು ರಚಿಸಿದರು. ದೀಪಕ್ಕೆ ಕಾಂತಿ, ಪ್ರಕಾಶಕ್ಕೆ ಬೆಳದಿಂಗಳು! ಅರ್ಥವನ್ನು ತಿಳಿಸುವುದೆಂದರೆ ಬೆಳಗುವುದೆಂಬ ಭಾವನೆಯು ಈ ದೇಶದಲ್ಲಿ ಪ್ರಾಚೀನವಾದುದೇ.

ಆದರೆ ಶಾಸ್ತ್ರಕಾರರು ಒಂದು ಭೇದವನ್ನು ಮರೆಯಲಿಲ್ಲ. ಕತ್ತಲೆಯಲ್ಲಿರುವ ಗಡಿಗೆಯನ್ನು ದೀಪವು ತೋರಿಸುವುದೇ ಹೊರತು ಮಾಡುವುದಿಲ್ಲ, ಮಾಡುವವನು ಕುಂಬಾರ. ಒಂದು ವ್ಯಂಜಕ, ಮತ್ತೊಂದು ಕಾರಕ. ‘ಬೆಳಕು ಬೀರುವುದು’ ಎಂಬುದರ ಮರ್ಮವೆಲ್ಲವೂ ಈ ಭೇದದಲ್ಲಿದೆ.

ಇದಕ್ಕೆ ಅಶೋಕನ ಚರಿತ್ರೆಯೇ ನಿದರ್ಶನ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ಬ್ರಾಹ್ಮೀ ಲಿಪಿಯನ್ನು ಓದುವುದರಲ್ಲಿ ಸಫಲನಾದನು. ಶಾಸನಗಳಲ್ಲಿ ‘ದೇವಾನಾಂಪಿಯ ಪಿಯದಸಿ’ ಎಂಬ ರಾಜನು ಕಾಣಿಸಿಕೊಂಡನು, ಅವನು ಯಾರು? ಸಿಂಹಳದ ದೇವಾನಾಂಪಿಯ ತಿಸ್ಸನಿರಬೇಕೆಂದು ಪ್ರಿನ್ಸೆಪ್ ಮೊದಲು ಊಹಿಸಿದನು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಎಂಬವನು ಪಾಲೀ ಗ್ರಂಥವಾದ ದೀಪವಂಸದ ಆಧಾರದಿಂದ, ಪಿಯದಸಿಯು ಮೌರ್ಯವಂಶದ ಅಶೋಕನೇ ಎಂದು ತಿಳಿಸಿದನು. ಊಹೆಯು ತಿದ್ದಲ್ಪಟ್ಟಿತು, ಆದರೂ ಆ ಸಮೀಕರಣಕ್ಕೆ ಗ್ರಂಥವು ಸಾಕ್ಷಿಯಾಗಿತ್ತೇ ಹೊರತು ಅರಸನ ಶಾಸನವಲ್ಲ.

1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ, ಚಿನ್ನದ ಗಣಿಗಳ ಕೆಲಸದ ಬೀಡನ್ ಎಂಬ ಎಂಜಿನಿಯರನು ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡನು. ಹೆಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿ ‘ದೇವಾನಾಂಪಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರೇ ಕೊರೆಯಲ್ಪಟ್ಟಿತ್ತು. ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳ ಶಾಸನಗಳಲ್ಲಿಯೂ ಆ ನಾಮವು ದೊರೆಯಿತು.

ಚಿನ್ನದ ಬೆನ್ನುಹತ್ತಿದವನಿಗೆ ಚರಿತ್ರೆಯು ದೊರಕಿತು. ಆತನೂ ಶಾಸ್ತ್ರಿಗಳೂ ಅಶೋಕನನ್ನು ಸೃಷ್ಟಿಸಲಿಲ್ಲ. ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಬಂಡೆಯ ಮೇಲಿದ್ದುದನ್ನು ಕಾಣಿಸಿದರು. ಬೆಳಕು ಬೀರುವುದೆಂದರೆ ಇದು.

ತಿಳಿದ ಮಾತನ್ನೇ ಮತ್ತೆ ಹೇಳಿದ ಉಪನ್ಯಾಸಕನೂ ‘ಹೊಸ ಬೆಳಕು ಬೀರಿದನು’ ಎಂದು ವರದಿಯಾಗುವುದುಂಟು. ಆಧಾರವಿಲ್ಲದ ಊಹೆಗೂ ಆ ಗೌರವವು ಸಲ್ಲುವುದುಂಟು. ಮೊದಲನೆಯದು ಹಗಲಿನಲ್ಲಿ ಹಿಡಿದ ದೀವಿಗೆ. ಎರಡನೆಯದು ಗಡಿಗೆಯಿಲ್ಲದ ಕಡೆ ಗಡಿಗೆಯನ್ನು ಕಾಣುವ ಭ್ರಮೆ. ನುಡಿಗಟ್ಟು ಪರದೇಶದ್ದೆಂಬುದು ದೋಷವಲ್ಲ. ಅರ್ಥವನ್ನರಿಯದೆ ಬಳಸುವುದೇ ದೋಷ.