ಗಳಗನಾಥರ ಪುಸ್ತಕದ ಗಂಟು ಮತ್ತು ವಿಜಯನಗರದ ಪತನಕಥನ

ಆಧುನಿಕ ಕನ್ನಡ ಕಾದಂಬರಿಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಕೃತಿ ಮತ್ತು ಕರ್ತೃಗಳ ಕಡೆಗೆ ಗಮನ ಹರಿಸಿದ್ದಾರೆ. ಕೃತಿಯು ಓದುಗನ ಕೈಸೇರಿದ ಬಗೆಯನ್ನು ಕುರಿತ ವಿಚಾರ ಅಷ್ಟಾಗಿ ನಡೆದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯ ಸಣ್ಣ ಊರುಗಳಲ್ಲಿ ಪುಸ್ತಕದಂಗಡಿಯೆಂಬುದೇ ಅಪರೂಪವಾಗಿತ್ತು. ಸಂತೆ, ಜಾತ್ರೆಗಳಲ್ಲಿ ಪಂಚಾಂಗ, ಪುರಾಣ, ಹಾಡಿನ ಪುಸ್ತಕಗಳು ಸಿಗುತ್ತಿದ್ದವು. ಅಲ್ಲಿ ಕಾದಂಬರಿಯೆಂಬ ಹೊಸ ಸರಕನ್ನು ಮನೆಬಾಗಿಲಿಗೆ ಒಯ್ದವರಲ್ಲಿ ಗಳಗನಾಥರು ಪ್ರಮುಖರು. ಅವರು ಬರೆದವರೂ ಹೌದು, ಅಚ್ಚು ಹಾಕಿಸಿದವರೂ ಹೌದು, ಹೊತ್ತು ಮಾರಿದವರೂ ಹೌದು.

ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮ. 1869ರಲ್ಲಿ ಜನಿಸಿದ ಅವರು ತಮ್ಮ ಊರಿನ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡರು. ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಗಳಗನಾಥವು ತುಂಗಭದ್ರೆಗೆ ವರದಾ ನದಿ ಕೂಡುವ ಸಂಗಮದಲ್ಲಿದೆ. ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯದಿಂದ ಶಾಸನಾಭ್ಯಾಸಿಗಳಿಗೂ ಪರಿಚಿತವಾದ ಊರು. ಇದೇ ತುಂಗಭದ್ರೆಯ ದಂಡೆಯಲ್ಲಿ ಹರಿವಿನ ಮುಂದಕ್ಕೆ ಹಂಪೆಯಿದೆ. ಹಾಳಾದ ರಾಜಧಾನಿಯೊಂದರ ಕಥೆಯನ್ನು ಮುಂದೆ ಬರೆಯಲಿದ್ದ ಲೇಖಕನು ಹಳೆಯ ಗುಡಿಯೊಂದರ ನೆರಳಲ್ಲಿಯೇ ಬೆಳೆದನೆಂಬುದು ಕೇವಲ ಕಾಕತಾಳೀಯವಿರಬಹುದು, ಆದರೂ ಉಪೇಕ್ಷಿಸತಕ್ಕದ್ದಲ್ಲ. ಅವರು ವೃತ್ತಿಯಿಂದ ಶಿಕ್ಷಕರು. 1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡದಲ್ಲಿ ಗ್ರಂಥರಚನೆಗೆ ಬಹುಮಾನವಿಟ್ಟು ಪ್ರೋತ್ಸಾಹ ನೀಡುತ್ತಿದ್ದ ಕಾಲವದು. ಅವರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ ಬೆಳಕಿಗೆ ಬಂದುದು ಈ ವಾತಾವರಣದಲ್ಲಿ.

ಹಾವೇರಿಯ ಸಮೀಪದ ಅಗಡಿ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯೊಡನೆ ಅವರಿಗೆ ಒದಗಿದ ಸಂಬಂಧವು ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಮಠದ ಆಶ್ರಯ, ಪತ್ರಿಕೆಯ ಚಂದಾದಾರರು, ಅಚ್ಚುಕೂಟ ಇವು ಒಂದೆಡೆ ಕೂಡಿದ್ದರಿಂದ ನೀತಿಬೋಧೆಯ ಜೊತೆಗೆ ಕಥಾಸಾಹಿತ್ಯವೂ ಹಳ್ಳಿಗಳನ್ನು ತಲುಪುವ ಹಾದಿ ತೆರೆಯಿತು. ಮುಂದೆ ಅವರು ಅಗಡಿಯನ್ನು ಬಿಟ್ಟು ‘ಸದ್ಗುರು’ ಎಂಬ ಸ್ವಂತ ಪತ್ರಿಕೆಯನ್ನು ಆರಂಭಿಸಿದರು. ಈ ಬೇರ್ಪಡೆಯ ನಂತರದ ವರ್ಷಗಳೇ ಕಷ್ಟದವು. ಸಂಸ್ಥೆಯೊಂದರ ಬೆಂಬಲವಿದ್ದಾಗ ಗ್ರಂಥದ ಮಾರಾಟ ಧರ್ಮಕಾರ್ಯದ ಒಂದು ಭಾಗವೆನಿಸುತ್ತದೆ. ಒಬ್ಬಂಟಿಯಾದಾಗ ಅದೇ ಕೆಲಸ ಹೊಟ್ಟೆಪಾಡಿನ ವ್ಯಾಪಾರವಾಗುತ್ತದೆ.

ಗಳಗನಾಥರು ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರುತ್ತಿದ್ದರೆಂಬುದು ಉತ್ತರ ಕರ್ನಾಟಕದ ಸಾಹಿತ್ಯವಲಯದಲ್ಲಿ ಮತ್ತೆ ಮತ್ತೆ ಹೇಳಲಾಗಿರುವ ಸಂಗತಿ. ಇದನ್ನು ಕನ್ನಡಸೇವೆಯ ತ್ಯಾಗವೆಂದು ಹೊಗಳುವುದೇ ವಾಡಿಕೆ. ಆದರೆ ಹೊಗಳಿಕೆಯ ಭರದಲ್ಲಿ ಅದರ ಆರ್ಥಿಕ ವಾಸ್ತವ ಮರೆಯಾಗಬಾರದು. ಲೇಖಕನೇ ಪ್ರಕಾಶಕನಾದಾಗ ಕಾಗದ, ಅಚ್ಚು, ರಟ್ಟು ಕಟ್ಟುವ ವೆಚ್ಚವೆಲ್ಲ ಮೊದಲೇ ಕೈಬಿಡುತ್ತದೆ. ಹಣ ಹಿಂದಿರುಗುವುದು ಪ್ರತಿ ಬಿಕರಿಯಾದ ಮೇಲೆ. ಉಳಿದ ಪ್ರತಿಗಳು ಮನೆಯ ಮೂಲೆ ಸೇರಿದರೆ ಮುಂದಿನ ಗ್ರಂಥಕ್ಕೆ ಬಂಡವಾಳವಿಲ್ಲ. ಕೊಳ್ಳುವವರಾದರೂ ಯಾರು? ಶಾಲಾಮಾಸ್ತರರು, ಕುಲಕರ್ಣಿ-ಗೌಡರ ಮನೆತನಗಳು, ವಕೀಲರು, ಮಠಗಳು ಇಂಥ ಅಕ್ಷರಸ್ಥರ ಸಣ್ಣ ವಲಯ. ಒಬ್ಬ ಓದಿ ಹತ್ತು ಜನ ಕೇಳುವ ಪದ್ಧತಿಯಿದ್ದ ಸಮಾಜದಲ್ಲಿ ಓದುಗರ ಸಂಖ್ಯೆಗೂ ಕೊಂಡವರ ಸಂಖ್ಯೆಗೂ ಹೊಂದಿಕೆಯಿರುವುದಿಲ್ಲ. ಕೀರ್ತಿ ಬೆಳೆದರೂ ಬಡತನ ಹಿಂಗದಿದ್ದುದಕ್ಕೆ ಇದೂ ಒಂದು ಕಾರಣವೆನ್ನಬೇಕು.

ಹೀಗೆ ಹೊತ್ತು ತಿರುಗಿದ ಗಂಟಿನಲ್ಲಿ ‘ಕನ್ನಡಿಗರ ಕರ್ಮಕಥೆ’ಗೆ ವಿಶೇಷ ಸ್ಥಾನವುಂಟು. ಮರಾಠಿಯ ಪ್ರಸಿದ್ಧ ಕಾದಂಬರಿಕಾರ ಹರಿ ನಾರಾಯಣ ಆಪಟೆಯವರ (1864–1919) ‘ವಜ್ರಾಘಾತ’ವನ್ನು ಆಧರಿಸಿದ ಈ ಕೃತಿಯ ವಸ್ತು 1565ರ ಜನವರಿಯಲ್ಲಿ ನಡೆದ ಯುದ್ಧ ಮತ್ತು ವಿಜಯನಗರದ ವಿನಾಶ. ಶೀರ್ಷಿಕೆಯಲ್ಲಾದ ಬದಲಾವಣೆಯೇ ಅಭ್ಯಾಸಯೋಗ್ಯವಾಗಿದೆ. ವಜ್ರಾಘಾತವೆಂದರೆ ಆಕಾಶದಿಂದ ಎರಗುವ ಸಿಡಿಲು, ಅದಕ್ಕೆ ಹೊಣೆಗಾರರಿಲ್ಲ. ಕರ್ಮಕಥೆಯೆಂದರೆ ಮಾಡಿದ್ದನ್ನು ಉಣ್ಣುವವರ ಕಥೆ. ಆಡುಮಾತಿನಲ್ಲಿ ಅದಕ್ಕೆ ಗೋಳಿನ ಕಥೆಯೆಂಬ ಅರ್ಥವೂ ಇದೆ. ಮೇಲಾಗಿ ಅದು ‘ಕನ್ನಡಿಗರ’ ಕಥೆಯಾಯಿತು. ಮರಾಠಿಯಲ್ಲಿ ನೆರೆಯ ಸಾಮ್ರಾಜ್ಯವೊಂದರ ದುರಂತವಾಗಿದ್ದುದು ಕನ್ನಡದಲ್ಲಿ ಓದುಗನ ಸ್ವಂತ ಮನೆತನದ ದುರಂತವಾಯಿತು. ಮರಾಠಿಯ ಪ್ರಾಬಲ್ಯದ ವಿರುದ್ಧ ಕನ್ನಡಿಗರು ತಲೆಯೆತ್ತುತ್ತಿದ್ದ ಪ್ರದೇಶದಲ್ಲಿ, ತಮ್ಮ ಪೂರ್ವಜರಿಗಾಗಿ ಮರುಗುವ ಕಥೆ ಮರಾಠಿಯ ಮೂಲಕವೇ ಬರಬೇಕಾಯಿತೆಂಬ ವ್ಯಂಗ್ಯವನ್ನು ವಿದ್ವಾಂಸರು ಇನ್ನಷ್ಟು ಗಂಭೀರವಾಗಿ ಪರಿಶೀಲಿಸುವುದು ಅವಶ್ಯ.

ಲೋಕವೊಂದು ಮುಗಿದುಹೋಗುವ ಕಥೆಗೆ ಇಷ್ಟು ಆಕರ್ಷಣೆ ಏಕೆ? ಮೊದಲನೆಯದಾಗಿ, ಈ ಬಗೆಯ ಕಥನ ಕನ್ನಡಿಗರಿಗೆ ಹೊಸದಲ್ಲ. ಕಾಲಜ್ಞಾನ ಸಾಹಿತ್ಯದ ದೀರ್ಘ ಪರಂಪರೆಯೊಂದು ಇಲ್ಲಿತ್ತು. ಕಲ್ಯಾಣದ ನಾಶ, ಮುಂದೆ ಬರಲಿರುವ ವೀರವಸಂತರಾಯ, ಆತನಿಂದ ಧರ್ಮದ ಪುನಃಸ್ಥಾಪನೆ ಇವನ್ನು ಶರಣ ಪರಂಪರೆಯ ಕಾಲಜ್ಞಾನಗಳು ಹೇಳುತ್ತ ಬಂದಿದ್ದವು. ವಿದ್ಯಾರಣ್ಯರ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಕಾಲಜ್ಞಾನವು ವಿಜಯನಗರದ ಉದಯದೊಂದಿಗೆ ಅದರ ಅಂತ್ಯವನ್ನೂ ಭವಿಷ್ಯವಾಣಿಯ ರೂಪದಲ್ಲಿ ಹೇಳುತ್ತದೆ. ಆಗಿಹೋದುದನ್ನು ಆಗಲಿರುವುದೆಂದು ಹೇಳುವುದು ಕಾಲಜ್ಞಾನದ ಕ್ರಮ. ಐತಿಹಾಸಿಕ ಕಾದಂಬರಿಯೂ ಒಂದರ್ಥದಲ್ಲಿ ಇದೇ ಕೆಲಸವನ್ನು ಮಾಡುತ್ತದೆ: ಕೊನೆ ಓದುಗನಿಗೆ ಗೊತ್ತಿದೆ, ಪಾತ್ರಗಳಿಗೆ ಗೊತ್ತಿಲ್ಲ. ಕೇಳಿ ಅಭ್ಯಾಸವಾಗಿದ್ದ ಈ ರಚನೆಗೆ ಗದ್ಯದ ಮೈ ಬಂದಾಗ ಅದು ಪರಕೀಯವೆನಿಸಲಿಲ್ಲ.

ಎರಡನೆಯದು ಕಾಲದ ಸ್ವರೂಪ. 1876ರಿಂದ 1878ರವರೆಗಿನ ಮಹಾಕ್ಷಾಮ ಬಂದಾಗ ಗಳಗನಾಥರು ಏಳರಿಂದ ಒಂಬತ್ತು ವರ್ಷದ ಬಾಲಕ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳೊಳಗೆ ಹುಬ್ಬಳ್ಳಿ-ಧಾರವಾಡಗಳನ್ನು ಮುಟ್ಟಿತು. ಜನ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. 1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಬರಿದಾದ ಕೇರಿಗಳನ್ನು ಕಣ್ಣಾರೆ ಕಂಡವರಿಗೆ ಬರಿದಾದ ರಾಜಧಾನಿಯ ವರ್ಣನೆ ದೂರದ ಮಾತಾಗಿರಲಿಲ್ಲ. ಇಂಥ ಓದುಗನು ಪತನದ ಕಥೆಯಲ್ಲಿ ಭಯವನ್ನಷ್ಟೇ ಹುಡುಕುತ್ತಿರಲಿಲ್ಲ. ತನ್ನ ಅನುಭವದಲ್ಲಿ ಕಾರಣವಿಲ್ಲದೆ ಬಂದು ಹೋದ ವಿನಾಶಕ್ಕೆ ಕಥೆಯಲ್ಲಿ ಒಂದು ಕಾರಣ, ಒಂದು ಕ್ರಮ, ಒಬ್ಬ ತಪ್ಪಿತಸ್ಥ ದೊರೆಯುತ್ತಿದ್ದನು.

ತೊಡಕು ಇರುವುದೂ ಇಲ್ಲಿಯೇ. ಕಾದಂಬರಿಯು ಸಾಮ್ರಾಜ್ಯದ ನಾಶದ ಬೀಜವನ್ನು ಅಳಿಯ ರಾಮರಾಯನ ಯೌವನದ ಪ್ರೇಮಪ್ರಕರಣದಲ್ಲಿ, ಅದರಿಂದ ಹುಟ್ಟಿದ ವೈಯಕ್ತಿಕ ದ್ವೇಷದಲ್ಲಿ ಇಡುತ್ತದೆ. ಇತಿಹಾಸದ ಆಧಾರಗಳು ಬೇರೆಯದನ್ನು ಹೇಳುತ್ತವೆ. ದಶಕಗಳ ಕಾಲ ರಾಮರಾಯನು ದಖನ್ ಸುಲ್ತಾನರ ಪರಸ್ಪರ ಕಲಹಗಳಲ್ಲಿ ಒಮ್ಮೆ ಒಬ್ಬರ ಪಕ್ಷ, ಒಮ್ಮೆ ಇನ್ನೊಬ್ಬರ ಪಕ್ಷ ವಹಿಸಿ ಮೇಲುಗೈ ಸಾಧಿಸಿದ್ದನು. ಆ ನೀತಿಯೇ ಕೊನೆಗೆ ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳನ್ನು ಒಂದುಗೂಡಿಸಿತು. ಯುದ್ಧದ ಎರಡು ವರ್ಷಗಳ ತರುವಾಯ ವಿಜಯನಗರಕ್ಕೆ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್, ರಾಮರಾಯನ ಸೈನ್ಯದ ಇಬ್ಬರು ಮುಸ್ಲಿಂ ದಳಪತಿಗಳು ಪಕ್ಷಾಂತರ ಮಾಡಿದುದನ್ನು ಸೋಲಿನ ಕಾರಣವೆಂದು ಬರೆದಿದ್ದಾನೆ. ನಗರವು ಪೂರ್ತಿಯಾಗಿ ನೆಲಸಮವಾಗಿರಲಿಲ್ಲವೆಂದೂ, ಮನೆಗಳು ನಿಂತಿದ್ದರೂ ಅವುಗಳಲ್ಲಿ ಕಾಡುಮೃಗಗಳು ವಾಸವಾಗಿದ್ದವೆಂದೂ ಅವನೇ ಹೇಳುತ್ತಾನೆ. ಇನ್ನು ಸಾಮ್ರಾಜ್ಯವಂತೂ 1565ರಲ್ಲಿ ಮುಗಿಯಲಿಲ್ಲ. ತಿರುಮಲನು ಪೆನುಗೊಂಡೆಗೆ ಹಿಂದೆ ಸರಿದನು. ಅರವೀಡು ಮನೆತನ ಅಲ್ಲಿಂದ, ಆಮೇಲೆ ಚಂದ್ರಗಿರಿ ಮತ್ತು ವೆಲ್ಲೂರುಗಳಿಂದ ಹದಿನೇಳನೆಯ ಶತಮಾನದ ಮಧ್ಯದವರೆಗೂ ಆಳಿತು. ಒಂದೇ ದಿನದ ಯುದ್ಧದಲ್ಲಿ ಎಲ್ಲವೂ ಕೊನೆಗೊಂಡಿತೆಂಬ ಚಿತ್ರವು ಜನಮನದಲ್ಲಿ ಬಲವಾಗಲು 1900ರಲ್ಲಿ ಪ್ರಕಟವಾದ ರಾಬರ್ಟ್ ಸೀವೆಲ್‌ನ ‘ಎ ಫರ್ಗಾಟನ್ ಎಂಪೈರ್’ ಒಂದು ದಾರಿ ಹಾಕಿತು. ಆದರೆ ಇಂಗ್ಲಿಷು ಬಾರದ ಕನ್ನಡಿಗನ ಮನೆಗೆ ಆ ಚಿತ್ರವನ್ನು ಮುಟ್ಟಿಸಿದ್ದು ಇಂಥ ಕಾದಂಬರಿಯೇ ಹೊರತು ಸೀವೆಲ್ ಅಲ್ಲ.

ಗಳಗನಾಥರು ಪತನದಲ್ಲಿಯೇ ನಿಲ್ಲಲಿಲ್ಲವೆಂಬುದನ್ನೂ ಹೇಳಬೇಕು. ‘ಮಾಧವ ಕರುಣಾ ವಿಲಾಸ’ದಲ್ಲಿ ಅವರು ಅದೇ ಸಾಮ್ರಾಜ್ಯದ ಸ್ಥಾಪನೆಯನ್ನು, ಮಾಧವ-ವಿದ್ಯಾರಣ್ಯರ ಮಹಿಮೆಯನ್ನು ಸ್ವತಂತ್ರವಾಗಿ ಚಿತ್ರಿಸಿದರು. ಕಲಾದೃಷ್ಟಿಯಿಂದ ಎರಡರ ತೂಕದ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ. ಬೋಧನೆಯ ಭಾರ ಎರಡರಲ್ಲಿಯೂ ಹೆಚ್ಚು. ಆದರೆ ಉದಯದ ಕಥೆಯನ್ನು ಬಲ್ಲವರಿಗಿಂತ ಅಸ್ತದ ಕಥೆಗೆ ಕಣ್ಣೀರಿಟ್ಟವರು ಹೆಚ್ಚೆಂಬುದು ಶೀರ್ಷಿಕೆಗಳ ಜನಪ್ರಿಯತೆಯಿಂದಲೇ ತಿಳಿಯುತ್ತದೆ.

ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾದುದು 1917ರಲ್ಲಿ. ಪ್ರಬಂಧಕಾರನು ವೈಭವವನ್ನು ನೆನಪಿಸಿ ಏಕೀಕರಣಕ್ಕೆ ಹುರಿದುಂಬಿಸಿದರೆ, ಕಾದಂಬರಿಕಾರನು ಅದೇ ವೈಭವ ಕೈತಪ್ಪಿದ ಸಂಕಟವನ್ನು ಕಟ್ಟಿಕೊಟ್ಟನು. 1936ರಲ್ಲಿ ಹಂಪೆಯಲ್ಲಿ ವಿಜಯನಗರದ ಆರನೆಯ ಶತಮಾನೋತ್ಸವ ನಡೆದಾಗ ಕೂಡಿದ್ದ ಜನರಲ್ಲಿ ಗಳಗನಾಥರ ಓದುಗರು ಸಾಕಷ್ಟು ಮಂದಿ ಇದ್ದಿರಬೇಕೆಂದು ಊಹಿಸುವುದು ತಪ್ಪಾಗದು. ಗಳಗನಾಥರಿಗಾಗ ಅರುವತ್ತೇಳು ವರ್ಷ. ‘ಕಾದಂಬರೀ ಪಿತಾಮಹ’ ಎಂಬ ಗೌರವದ ಹೆಸರು ದೊರೆತಿದ್ದರೂ ಅವರ ಕೊನೆಯ ವರ್ಷಗಳು ನೆಮ್ಮದಿಯವಾಗಿರಲಿಲ್ಲ. 1942ರಲ್ಲಿ ಅವರು ತೀರಿಕೊಂಡರು.

ಪತನದ ಕಥನ ಮಾತ್ರ ಕನ್ನಡದಲ್ಲಿ ಮುಂದುವರಿಯಿತು. ತ.ರಾ.ಸು. ಅವರು ‘ದುರ್ಗಾಸ್ತಮಾನ’ದಲ್ಲಿ 1779ರ ಚಿತ್ರದುರ್ಗದ ಪತನವನ್ನು ಬರೆದರು, ಆ ಕೃತಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗಿರೀಶ ಕಾರ್ನಾಡರ ಕೊನೆಯ ನಾಟಕ ‘ರಾಕ್ಷಸ-ತಂಗಡಿ’ (2018) ಮತ್ತೆ ರಾಮರಾಯನ ಕಡೆಗೇ ಹೊರಳಿತು. ಪ್ರೇಮಪ್ರಕರಣದ ದಾರಿಯನ್ನು ಬಿಟ್ಟು, ಅಳಿಯನೆನಿಸಿಕೊಂಡೇ ಉಳಿದು ಸಿಂಹಾಸನವೇರಲಾಗದ ರಾಜಕಾರಣಿಯೊಬ್ಬನ ಮಹತ್ವಾಕಾಂಕ್ಷೆಯನ್ನು ಕಾರ್ನಾಡರು ಶೋಧಿಸಿದ್ದಾರೆ. ಹೆಸರನ್ನು ಯುದ್ಧ ನಡೆದ ಕೃಷ್ಣಾತೀರದ ಎರಡು ಹಳ್ಳಿಗಳಿಂದ ತೆಗೆದುಕೊಂಡಿದ್ದಾರೆ.