ನಾಲ್ಕೂ ತಾಲ್ಲೂಕಿಗೆ ಒಂದೇ ಕಸಬಾ

ದೊಡ್ಡೇರಿ, ಮಿಡಿಗೇಶಿ, ಪುರವರ, ಕೊಡಿಗೇನಹಳ್ಳಿ, ಐ.ಡಿ. ಹಳ್ಳಿ ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಹೋಬಳಿಗಳು. ಬುಕ್ಕಾಪಟ್ಟಣ, ಕಳ್ಳಂಬೆಳ್ಳ, ಗೌಡಗೆರೆ, ಹುಲಿಕುಂಟೆ ಶಿರಾದವು. ಹೊಳವನಹಳ್ಳಿ, ಕೋಳಾಲ, ಚನ್ನರಾಯನದುರ್ಗ ಕೊರಟಗೆರೆಯವು. ನಿಡಗಲ್, ನಾಗಲಮಡಿಕೆ, ವೈ.ಎನ್. ಹೊಸಕೋಟೆ ಪಾವಗಡದವು. ಇವುಗಳ ಜೊತೆಗೆ ಪ್ರತಿ ತಾಲ್ಲೂಕಿಗೂ ಇನ್ನೊಂದು ಹೋಬಳಿ ಇದೆ, ನಾಲ್ಕೂ ಕಡೆ ಅದಕ್ಕೆ ಒಂದೇ ಹೆಸರು: ಕಸಬಾ. ತಾಲ್ಲೂಕಿನ ಮುಖ್ಯ ಊರು ಮತ್ತು ಅದರ ಸುತ್ತಲ ಹಳ್ಳಿಗಳು ಸೇರಿದರೆ ಕಸಬಾ ಹೋಬಳಿ.

ಈ ಪದ ಬದುಕಿರುವುದೆಲ್ಲ ಕಾಗದದ ಮೇಲೆ. ಪಹಣಿ, ಕ್ರಯಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕೋರ್ಟಿನ ಸಮನ್ಸು, ಎಲ್ಲದರಲ್ಲೂ ಅದು ಇದೆ. ಬಾಯಲ್ಲಿ ಇಲ್ಲ. ಬಸ್ಸಿಗೆ ಕಾಯುತ್ತಿರುವವರನ್ನು ‘ಎಲ್ಲಿಗಣ್ಣ?’ ಎಂದರೆ ‘ಪ್ಯಾಟೆಗೆ’ ಅನ್ನುತ್ತಾರೆ, ‘ಟೌನಿಗೆ’ ಅನ್ನುತ್ತಾರೆ. ಕಸಬಾಕ್ಕೆ ಹೊರಟೆ ಅಂದವರುಂಟೆ? ಅದೇ ಮನುಷ್ಯ ನಾಡಕಚೇರಿಯ ಕಿಟಕಿಯ ಮುಂದೆ ನಿಂತಾಗ ‘ಯಾವ ಹೋಬಳಿ?’ ಎಂಬ ಪ್ರಶ್ನೆಗೆ ಥಟ್ಟನೆ ‘ಕಸಬಾನೇ ಸಾರ್’ ಅನ್ನುತ್ತಾನೆ.

ಪದ ಅರಬ್ಬಿಯದು. ಅಲ್ಲಿ ಅದಕ್ಕೆ ಕೋಟೆ, ಕೋಟೆಯ ಒಳಗಿನ ಊರು, ಸೀಮೆಯ ಮುಖ್ಯ ಊರು ಎಂಬ ಅರ್ಥಗಳಿವೆ. ಅಲ್ಜೀರಿಯಾದ ರಾಜಧಾನಿ ಅಲ್ಜೀರ್ಸ್‌ನ ಹಳೆಯ ಕೋಟೆಪೇಟೆಯ ಹೆಸರೂ ಇದೇ. 1992ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪುಣೆಯ ಹಳೆಯ ಭಾಗ ಕಸಬಾ ಪೇಠ. ಮಂಗಳೂರಿನ ಅಳಿವೆಯಾಚೆ ಕಸಬಾ ಬೆಂಗ್ರೆ ಇದೆ. ನಮ್ಮ ‘ಕಸಬು’ ಇದರ ನೆಂಟನಂತೆ ಕಂಡರೂ ಅಲ್ಲ. ಅದು ಗಳಿಕೆ ಎಂಬ ಅರ್ಥದ ಬೇರೊಂದು ಅರಬ್ಬಿ ಪದದಿಂದ ಬಂದದ್ದು. ಕನ್ನಡಕ್ಕೆ ಬಂದ ಮೇಲೆ ಎರಡರ ಉಚ್ಚಾರವೂ ಹತ್ತಿರವಾಯಿತು.

ಮಧುಗಿರಿಯಲ್ಲಿ ಏಕಶಿಲೆಯ ಬೆಟ್ಟದ ಮೇಲೆ ಕೋಟೆ, ಪಾವಗಡದಲ್ಲಿ ಬೆಟ್ಟದ ಮೇಲೆ ಕೋಟೆ, ಶಿರಾದಲ್ಲಿ ಬಯಲಿನಲ್ಲೇ ಕೋಟೆ. ಹಾಗಾಗಿ ಕಸಬಾ ಎಂಬ ಹೆಸರು ಈ ಸೀಮೆಗೆ ಹೊರಗಿನದೆಂದು ತೋರುವುದಿಲ್ಲ. ಶಿರಾದ ಮಟ್ಟಿಗಂತೂ ಇಡೀ ಏರಿಳಿತವೇ ಈ ಪದದ ಹಿಂದಿದೆ. 1687ರಲ್ಲಿ ಮೊಘಲರು ಆ ಊರನ್ನು ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ ಮಾಡಿದರು. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಕೊಂಡೆ, ಬಸವಾಪಟ್ಟಣ, ಬೂದಿಹಾಳು ಮತ್ತು ಶಿರಾ, ಹೀಗೆ ಏಳು ಪರಗಣೆಗಳ ಲೆಕ್ಕ ಬಂದು ಸೇರುತ್ತಿದ್ದುದು ಅಲ್ಲಿಗೆ. 1761ರಲ್ಲಿ ಹೈದರಾಲಿ ವಶಪಡಿಸಿಕೊಂಡ. ಮುಂದೆ ಟಿಪ್ಪು ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಜನವಸತಿ ಮಾಡಲು ಶಿರಾದಿಂದ 12,000 ಕುಟುಂಬಗಳನ್ನು ಒಕ್ಕಲೆಬ್ಬಿಸಿದ ಎಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಏಳು ಪರಗಣೆ ಆಳಿದ ಊರು ಈಗ ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನ ಕಸಬಾ.

ಉಳಿದ ಹೆಸರುಗಳು ಒಂದೊಂದಾಗಿ ಬದಲಾಗುತ್ತಲೇ ಬಂದವು. ಮದ್ದಗಿರಿ 1927ರಲ್ಲಿ ಮಧುಗಿರಿಯಾಯಿತು. ಅಮಲ್ದಾರರು ತಹಶೀಲ್ದಾರರಾದರು, ಹೋಬಳಿಯ ಶೇಕದಾರರು ಆರ್‌.ಐ. ಆದರು, ಶ್ಯಾನುಭೋಗರ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ಕಸಬಾವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಪೌರಾಡಳಿತದ ಕಾಯ್ದೆ ಊರುಗಳನ್ನು ಮುಖ್ಯವಾಗಿ ತಲೆಯೆಣಿಸಿ ವಿಂಗಡಿಸುತ್ತದೆ. ಆ ಲೆಕ್ಕದಲ್ಲಿ ಕೊರಟಗೆರೆ ಪಟ್ಟಣ ಪಂಚಾಯಿತಿ, ಮಧುಗಿರಿ ಮತ್ತು ಪಾವಗಡ ಪುರಸಭೆ, ಶಿರಾ ನಗರಸಭೆ. ಮಧುಗಿರಿಗೆ ಇನ್ನೊಂದು ವಿಶೇಷ: ಉಪವಿಭಾಗಾಧಿಕಾರಿ ಕಚೇರಿ ಇರುವುದರಿಂದ ಈ ನಾಲ್ಕೂ ತಾಲ್ಲೂಕಿಗೆ ಅದೇ ಹಿರಿಯ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಶೈಕ್ಷಣಿಕ ಜಿಲ್ಲೆಯಾಗಿ ತುಮಕೂರಿನ ಪಕ್ಕದಲ್ಲೇ ಪ್ರತ್ಯೇಕ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಪಹಣಿಯ ಕಣ್ಣಿಗೆ ನಾಲ್ಕೂ ಒಂದೇ.

ಈ ಎರಡು ಎಣಿಕೆಗಳ ನಡುವಿನ ವ್ಯತ್ಯಾಸ ಬರೀ ಹೆಸರಿನದಲ್ಲ. ಪುರಸಭೆಯ ಲೆಕ್ಕ ಊರಲ್ಲಿ ರಾತ್ರಿ ಮಲಗುವವರದು: ಮನೆ, ಖಾತೆ, ಕಂದಾಯ, ನಲ್ಲಿ. ಆದರೆ ತಾಲ್ಲೂಕು ಕೇಂದ್ರ ನಡೆಯುವುದು ಹಗಲು ಬಂದು ಹೋಗುವವರಿಂದ. ಬೆಳಿಗ್ಗೆ ಬಸ್ಸು ಇಳಿಯುವವರಲ್ಲಿ ಕೋರ್ಟಿನ ವಾಯಿದೆಗೆ ಬಂದವರು, ಕಡ್ಲೆಕಾಯಿ ತಂದವರು, ಬಿತ್ತನೆ ಬೀಜಕ್ಕೆ ಬಂದವರು, ಜಾತ್ರೆಗೆ ಬಟ್ಟೆ ತರಲು ಹೊರಟವರು, ಕಾಲೇಜಿನ ಹುಡುಗ ಹುಡುಗಿಯರು, ಆಸ್ಪತ್ರೆಯ ಚೀಟಿಗೆ ಸಾಲು ನಿಲ್ಲುವ ಮುದುಕರು ಎಲ್ಲರೂ ಇರುತ್ತಾರೆ. ಸಂಜೆಯ ಬಸ್ಸಿಗೆ ಅವರೆಲ್ಲ ಖಾಲಿ. ಹೋಟೆಲು, ಜೆರಾಕ್ಸ್ ಅಂಗಡಿ, ಗೊಬ್ಬರದ ಅಂಗಡಿ, ಸ್ಟಾಂಪು ಬರೆಯುವವರು ಬದುಕಿರುವುದು ಇವರ ದುಡ್ಡಿನಲ್ಲಿ. ಪುರಸಭೆಯ ಯಾವ ವಾರ್ಡಿನಲ್ಲೂ ಇವರಿಗೆ ಓಟಿಲ್ಲ. ಹಾಗಾಗಿಯೇ ಬಸ್‌ಸ್ಟ್ಯಾಂಡಿನ ಶೌಚಾಲಯ, ಕುಡಿಯುವ ನೀರು, ಹೆಂಗಸರು ಕೂರಲು ಒಂದು ನೆರಳು, ಇವುಗಳಿಗಾಗಿ ಜಗಳ ಮಾಡುವ ಕೌನ್ಸಿಲರು ಅಪರೂಪ.

ಇದಕ್ಕೆ ತಿರುಗಾ ಮುರುಗಾ ಸಂಗತಿ ಊರಂಚಿನಲ್ಲಿದೆ. ಸೈಟು ಮಾರುವವರಿಗೆ ‘ಕಸಬಾ ಹೋಬಳಿ’ ಬಲು ಇಷ್ಟವಾದ ಪದ; ಟೌನಿಗೆ ಅಂಟಿಕೊಂಡೇ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಕೊಂಡು ಮನೆ ಕಟ್ಟಿದ ಮೇಲೆ ಜಾಗ ಗ್ರಾಮ ಪಂಚಾಯಿತಿಯದು ಎಂದು ಗೊತ್ತಾಗುತ್ತದೆ. ಕಸದ ಗಾಡಿ ಹಿಂದಿನ ರಸ್ತೆಯವರೆಗೆ ಹಾಡು ಹಾಕಿಕೊಂಡು ಬಂದು ಅಲ್ಲೇ ತಿರುಗಿಕೊಳ್ಳುತ್ತದೆ. ಕಸಬಾದಲ್ಲಿದ್ದೂ ‘ಕಸ, ಬಾ’ ಎನ್ನುವವರಿಲ್ಲ! ಈ ಮನೆಯವರು ದಿನವೆಲ್ಲ ಟೌನಿನಲ್ಲೇ ದುಡಿದು, ರಾತ್ರಿ ಹಳ್ಳಿಯ ಲೆಕ್ಕದಲ್ಲಿ ಮಲಗುತ್ತಾರೆ.

ಕಂದಾಯ ಇಲಾಖೆಯ ಹಳೆಯ ಪದಕ್ಕೆ ಟೌನು, ಹಳ್ಳಿ ಎಂಬ ಈ ಗೆರೆ ಗೊತ್ತಿಲ್ಲ. ಊರು ಮತ್ತು ಅದರ ಸುತ್ತಲ ಹೊಲ ಒಂದೇ ಹೋಬಳಿ ಎಂದೇ ಅದು ಇವತ್ತಿಗೂ ಬರೆಯುತ್ತದೆ. ಪದದ ಉದ್ದೇಶ ಕಂದಾಯ ವಸೂಲಿಯಷ್ಟೇ ಇದ್ದಿರಬಹುದು, ಆದರೆ ಕಾಣ್ಕೆ ಸರಿಯಾಗಿದೆ. ಬರಬೇಕಾದ ಹಳ್ಳಿಗಳಿಲ್ಲದೆ ಮಧುಗಿರಿ, ಪಾವಗಡಗಳು ಪೇಟೆಗಳೇ ಅಲ್ಲ. ಪುರಸಭೆಯ ಮುಂದಿನ ಬಜೆಟ್ ಬರೆಯುವವರು ವಾರ್ಡುಗಳ ಪಟ್ಟಿಯ ಜೊತೆಗೆ ಬೆಳಗಿನ ಬಸ್ಸುಗಳ ಪಟ್ಟಿಯನ್ನೂ ಇಟ್ಟುಕೊಂಡು ಕೂರಲಿ. ಖಜಾನೆಗೆ ಹೊರೆ ಅನ್ನಿಸಿದರೆ ತಾಲ್ಲೂಕು ಪಂಚಾಯಿತಿಯೂ ಹೆಗಲು ಕೊಡಲಿ. ಬಂದು ಹೋಗುವವರು ಅವರ ಜನವೇ.