ಕ್ವಿಂಬಿಯ ಹಸ್ತಪ್ರತಿಗಳು: ಅಂತರ್ವಿಶ್ವಾಸ ಚಿಕಿತ್ಸೆಯ ಮೂಲವನ್ನು ಕುರಿತು

ರೋಗವು ಮೂಲತಃ ಮನಸ್ಸಿನ ತಪ್ಪು ನಂಬುಗೆಯೆಂದೂ, ಅದನ್ನು ಕಳೆಯುವ ಶಕ್ತಿ ಮನುಷ್ಯನ ಅಂತರಂಗದಲ್ಲಿ ನೆಲಸಿರುವ ಕ್ರಿಸ್ತಚೈತನ್ಯವೆಂದೂ ಸಾರುವ ಮತವೊಂದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹಬ್ಬಿತು. ಇದರ ಚರಿತ್ರೆಯನ್ನು ಸಾಮಾನ್ಯವಾಗಿ 1875ರಲ್ಲಿ ‘ಸೈನ್ಸ್ ಅಂಡ್ ಹೆಲ್ತ್’ ಗ್ರಂಥವನ್ನೂ 1879ರಲ್ಲಿ ಕ್ರಿಶ್ಚಿಯನ್ ಸೈನ್ಸ್ ಚರ್ಚನ್ನೂ ಹೊರತಂದ ಮೇರಿ ಬೇಕರ್ ಎಡ್ಡಿಯಿಂದ ಆರಂಭಿಸುವುದು ವಾಡಿಕೆ. ಮೇಯ್ನ್ ಸಂಸ್ಥಾನದ ಗಡಿಯಾರ ಕಸಬಿನ ಫಿನಿಯಸ್ ಕ್ವಿಂಬಿಯಿಂದ (1802–1866) ಆರಂಭಿಸುವುದೇ ಯುಕ್ತವೆಂದು ನನ್ನ ಅಭಿಪ್ರಾಯ.

ಕ್ವಿಂಬಿ ಶಾಲೆ ಕಲಿತವನಲ್ಲ. ಮೆಸ್ಮರನ ವಿದ್ಯೆಯ ಪ್ರದರ್ಶನವನ್ನು ಕಂಡು, ಲೂಷಿಯಸ್ ಬರ್ಕ್ಮಾರ್ ಎಂಬ ತರುಣನನ್ನು ಸುಪ್ತಿಗೆ ಒಯ್ದು, ಅವನ ಬಾಯಿಂದ ರೋಗಗಳ ಲಕ್ಷಣವನ್ನೂ ಔಷಧವನ್ನೂ ಹೇಳಿಸುತ್ತಿದ್ದನು. ದುಬಾರಿ ಮದ್ದಿಗೆ ಬದಲಾಗಿ ಅಗ್ಗದ ಮದ್ದನ್ನು ಕೊಟ್ಟರೂ ರೋಗಿ ಗುಣಹೊಂದುವುದನ್ನು ಅವನು ಗಮನಿಸಿದನು. ಹಾಗಾದರೆ ಗುಣಪಡಿಸಿದುದು ಮದ್ದಲ್ಲ, ರೋಗಿಯ ನಂಬುಗೆ! ಸುಪ್ತಿಯನ್ನೂ ಔಷಧವನ್ನೂ ಬಿಟ್ಟು, 1859ರಿಂದ ಪೋರ್ಟ್‌ಲೆಂಡ್ ನಗರದಲ್ಲಿ ರೋಗಿಯ ಬಳಿ ಕುಳಿತು, ಅವನ ಭಯವನ್ನು ಮಾತಿನಿಂದ ಬಿಡಿಸುವುದೇ ಅವನ ಚಿಕಿತ್ಸೆಯಾಯಿತು. ಯೇಸು ಒಬ್ಬ ಮನುಷ್ಯ. ಕ್ರಿಸ್ತನೆಂದರೆ ಆ ಮನುಷ್ಯನಲ್ಲಿ ಬೆಳಗಿದ ಜ್ಞಾನ, ಅದು ಎಲ್ಲರಲ್ಲಿಯೂ ಬೆಳಗಬಹುದು ಎಂಬುದು ಅವನ ನಿಲುವು. ಪಾದ್ರಿಗಳನ್ನೂ ವೈದ್ಯರನ್ನೂ ಅವನು ಸಮನಾಗಿಯೇ ದೂರಿದನು. ಭಯವನ್ನು ಬಿತ್ತುವವರು ಇಬ್ಬರೂ ಎಂದು.

1862ರಲ್ಲಿ ಅವನಲ್ಲಿಗೆ ಬಂದ ರೋಗಿಗಳಲ್ಲಿ, ಆಗ ಪ್ಯಾಟರ್ಸನ್ ಎಂಬ ಹೆಸರಿದ್ದ ಮೇರಿಯೂ ಒಬ್ಬಳು. 1866ರ ಜನವರಿಯಲ್ಲಿ ಕ್ವಿಂಬಿ ತೀರಿಕೊಂಡನು. ಫೆಬ್ರವರಿ 1ರಂದು ಅವಳು ಲಿನ್ ಪಟ್ಟಣದಲ್ಲಿ ಹಿಮದ ಮೇಲೆ ಜಾರಿ ಬಿದ್ದಳು. ಮೂರನೆಯ ದಿನ ಬೈಬಲನ್ನು ಓದುತ್ತ ತಾನು ಎದ್ದು ನಿಂತುದೇ ತನ್ನ ದರ್ಶನದ ಆರಂಭವೆಂದು ಮುಂದೆ ಹೇಳಿಕೊಂಡಳು. ಆದರೆ ಬಿದ್ದ ಎರಡು ವಾರದ ಸುಮಾರಿನಲ್ಲಿಯೇ ಕ್ವಿಂಬಿಯ ಶಿಷ್ಯ ಜೂಲಿಯಸ್ ಡ್ರೆಸ್ಸರನಿಗೆ, ಗುರುವಿನ ಸ್ಥಾನಕ್ಕೆ ಬಂದು ತನಗೆ ನೆರವಾಗಬೇಕೆಂದು ಅವಳು ಬರೆದ ಪತ್ರವುಂಟು. ಆತ ಒಪ್ಪಲಿಲ್ಲ. ಈ ಪತ್ರವು ಆಕೆಯ ಪ್ರಾಮಾಣಿಕತೆಯನ್ನೇ ಅಲ್ಲಗಳೆಯುತ್ತದೆಂದು ನಾನು ಹೇಳಲಾರೆ. ನೆನಪು ಹಿಂದಿನ ದಿನಗಳನ್ನು ಹೊಸದಾಗಿ ಜೋಡಿಸುವುದು ಸಂತರಲ್ಲಿಯೂ ಉಂಟು. ಮೂರನೆಯ ದಿನಕ್ಕೆ ಎಲ್ಲವೂ ಮುಗಿದಿತ್ತೆಂಬುದನ್ನು ಮಾತ್ರ ಒಪ್ಪಲಾಗದು.

ಇನ್ನು ಕೃತಿಚೌರ್ಯದ ಆರೋಪ. 1883ರಲ್ಲಿ ಎಡ್ವರ್ಡ್ ಅರೆನ್ಸ್ ಎಂಬವನ ಮೇಲೆ ಎಡ್ಡಿ ಹೂಡಿದ ವ್ಯಾಜ್ಯದಲ್ಲಿ ಅವನು ಕ್ವಿಂಬಿಯ ಹಸ್ತಪ್ರತಿಗಳ ಆಸರೆ ಹಿಡಿದನು. ಕ್ವಿಂಬಿಯ ಮಗ ಜಾರ್ಜ್ ಅವನ್ನು ಹೊರಗೆ ಕೊಡಲಿಲ್ಲ. ತೀರ್ಪು ಎಡ್ಡಿಯ ಪರವಾಯಿತು. ಪುರಾವೆ ಹಾಜರಾಗದ ತೀರ್ಪನ್ನು ನ್ಯಾಯಾಲಯ ಒಪ್ಪಬಹುದು, ಚರಿತ್ರಕಾರ ಒಪ್ಪಬೇಕಾಗಿಲ್ಲ. ಹಾಗೆಂದು ಎದುರು ಪಕ್ಷವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ: ಪ್ರತಿಗಳಲ್ಲಿ ಬಹುಪಾಲು ಅನ್ಯರು ತಿದ್ದಿ ನಕಲು ಮಾಡಿದವು, 1921ರಲ್ಲಿ ಅವನ್ನು ಅಚ್ಚು ಹಾಕಿಸಿದ ಹೊರೇಷಿಯೋ ಡ್ರೆಸ್ಸರ್ ಆ ಜೂಲಿಯಸನ ಮಗನೇ. ಹೆಚ್ಚು ಪೂರ್ಣವಾದ ಆವೃತ್ತಿ 1988ರವರೆಗೆ ಬರಲಿಲ್ಲ.

ತತ್ತ್ವದಲ್ಲಿ ಇಬ್ಬರಿಗೂ ಭೇದವಿದೆ. ಎಡ್ಡಿ ಜಡದ್ರವ್ಯವೇ ಮಿಥ್ಯೆಯೆಂದಳು. ಕ್ವಿಂಬಿ ಅಷ್ಟು ದೂರ ಹೋಗಲಿಲ್ಲ. ವಾದದ ಗದ್ದಲದಲ್ಲಿ ಮರೆಯಾದವನು ವಾರೆನ್ ಫೆಲ್ಟ್ ಇವಾನ್ಸ್. ಮೊದಲು ಮೆಥಡಿಸ್ಟ್ ಪಾದ್ರಿಯಾಗಿದ್ದು ಸ್ವೀಡನ್‌ಬೋರ್ಗನ ಅನುಭಾವದತ್ತ ತಿರುಗಿದ ಈತ 1863ರಲ್ಲಿ ಕ್ವಿಂಬಿಯನ್ನು ಕಂಡು, 1869ರಲ್ಲಿಯೇ ‘ದಿ ಮೆಂಟಲ್ ಕ್ಯೂರ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಎಡ್ಡಿಯ ಗ್ರಂಥಕ್ಕಿಂತ ಅದು ಆರು ವರ್ಷ ಹಿಂದಿನದು. ಇವಾನ್ಸ್ ಯಾವ ಚರ್ಚನ್ನೂ ಕಟ್ಟಲಿಲ್ಲ, ಯಾರ ಮೇಲೂ ವ್ಯಾಜ್ಯ ಹೂಡಲಿಲ್ಲ. ಅವನನ್ನು ಓದುವವರು ವಿರಳವಾಗಿರುವುದಕ್ಕೆ ಇದೂ ಕಾರಣವಿರಬಹುದು. ಹಸ್ತಪ್ರತಿಗಳು ಬೆಳಕು ಕಾಣುವ ವೇಳೆಗೆ ಅವನು ಸತ್ತು 32 ವರ್ಷಗಳಾಗಿದ್ದವು. ಎಡ್ಡಿ 1910ರಲ್ಲಿಯೂ ಜಾರ್ಜ್ 1915ರಲ್ಲಿಯೂ ತೀರಿಕೊಂಡಿದ್ದರು.